ಹಡಗಿನ ಅಳಿಯನಿಗೆ ಜೋಡಿ ಗಾದಿ

ನಸುಕಿನಲ್ಲೇ ಗಾದಿ ಹೊತ್ತುಕೊಂಡು ಬೆಟಗೇರಿ ಬಿಟ್ಟೆ. ಗದಗ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಗಾದಿಗೂ ಲಗೇಜ್ ಟಿಕೆಟ್ ಹರಿದ. ಡ್ರೈವರನ ಹಿಂದೆ ನಿಲ್ಲಿಸಿದೆ. ಹುಬ್ಬಳ್ಳಿಯವರೆಗೆ ಹತ್ತಿದವರೆಲ್ಲ ಅದಕ್ಕೆ ಬೆನ್ನು ಕೊಟ್ಟು ನಿದ್ದೆ ಹೊಡೆದರು.

ಹತ್ತಿ ಹಿಂಜಿ ಗಾದಿ ಹೊಲಿಯುವುದು ನಮ್ಮ ಕಸುಬು. ಐದನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೆ ನನ್ನ ಗಾದಿಯಲ್ಲಿ ಗಂಟು ಸಿಕ್ಕಿತೆಂದು ಮುಂಡರಗಿಯವರೆಗೆ ಯಾರೂ ಹೇಳಿಲ್ಲ. ಅಳಿಯ ರಫೀಕ ಲಕ್ಷ್ಮೇಶ್ವರದವನು, ಕಾರವಾರದಲ್ಲಿ ನೌಕಾಪಡೆಯ ಹಡಗಿನ ಮೇಲೆ ಕೆಲಸ. ಲಗ್ನವಾಗಿ ವರ್ಷವಾಗುತ್ತ ಬಂದರೂ ಅವನು ಹಡಗಿನಲ್ಲೇ ಮಲಗುತ್ತಾನೆ, ಮಗಳು ರೇಷ್ಮಾ ನಮ್ಮ ಮನೆಯಲ್ಲಿ. ಕೇಳಿದರೆ, ಮನಿ ಆಮ್ಯಾಲ ಮಾಡೋಣು ಅನ್ನುತ್ತಾನೆ. ಈಗ ಮನೆಯವರಿಗೆ ಹಡಗು ತೋರಿಸುವ ದಿನ ಬಂದಿತ್ತು. ರೇಷ್ಮಾ ಒಲ್ಲೆ ಅಂದಳು. "ನೋಡಾಕ ಬರೂದಿಲ್ಲಪ್ಪಾ, ಇರಾಕ ಕರದ್ರ ಬರ್ತೀನಿ."

ಹಾಗಾಗಿ ನಾನೊಬ್ಬನೇ, ಲಗ್ನದ ಗಾದಿಯೊಂದಿಗೆ. ನಮ್ಮಲ್ಲಿ ಲಗ್ನದ ಗಾದಿ ಯಾವಾಗಲೂ ಇಬ್ಬರದು. ಹಾಸಿಗಿ ಸಣ್ಣದೈತಿ ಮಾಮಾ ಎಂದು ರಫೀಕ ಫೋನಿನಲ್ಲಿ ಹೇಳಿದ್ದ. ಹುಡುಗ ಸಂಕೋಚ ಮಾಡುತ್ತಿದ್ದಾನೆ ಅಂದುಕೊಂಡೆ.

ಯಲ್ಲಾಪುರದಲ್ಲಿ ಅವಲಕ್ಕಿ ತಿಂದೆ. ಘಟ್ಟದ ತಿರುವಿನಲ್ಲಿ ಗಾದಿಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದೆ. ಕಾರವಾರದಲ್ಲಿ ಇಳಿದಾಗ ಅಂಗಿ ಬೆವರಿಗೆ ಮೈಗೆ ಅಂಟಿತ್ತು.

ನೌಕಾನೆಲೆಯ ಗೇಟಿನಲ್ಲಿ ಒಂದು ನಾಯಿ ಗಾದಿಯನ್ನು ಮೂಸಿ ಎರಡು ಸಲ ಸೀನಿತು. ಪಹರೆಯವನು ಇದು ಒಳಗೆ ಹೋಗದು ಅಂದ: ಹತ್ತಿಗೆ ಬೆಂಕಿ ತಗಲಿದರೆ ಹಡಗಿಗೇ ಅಪಾಯ. ಮೊದಲು ಹಾಸಿಗಿ ನೋಡತೇನಿ ಎಂದು ಗಾದಿಯನ್ನು ಅವನ ಪಕ್ಕದಲ್ಲೇ ಬಿಟ್ಟು, ಕರೆದೊಯ್ಯಲು ಬಂದಿದ್ದ ರಫೀಕನ ಹಿಂದೆ ನಡೆದೆ.

ಹಡಗಿನೊಳಗೆ ಕಬ್ಬಿಣದ ಏಣಿಯನ್ನು ಹಿಮ್ಮುಖವಾಗಿ ಇಳಿಯಬೇಕು. ಬಾಗಿಲಿಗೆ ಮೊಣಕಾಲೆತ್ತರದ ಹೊಸ್ತಿಲು; ಕಾಲು ನೋಡಿಕೊಂಡು ದಾಟುವಾಗ ತಲೆ ಪೈಪಿಗೆ ಬಡಿಯಿತು. ನೌಕರರು ಮಲಗುವ ಖೋಲಿಯಲ್ಲಿ ಹಾಸಿಗೆಗಳು ಒಂದರ ಮೇಲೊಂದು ಮೂರು ಅಂತಸ್ತು, ನಮ್ಮ ಅಂಗಡಿಯ ಬಟ್ಟೆಯ ರ‍್ಯಾಕಿನಂತೆ. ಪ್ರತಿಯೊಂದಕ್ಕೂ ಒಂದು ಪರದೆ, ತಲೆಯ ಹತ್ತಿರ ಪುಟ್ಟ ದೀಪ, ಸಮುದ್ರ ಹೊರಳಾಡಿದರೆ ಉರುಳದಂತೆ ಒಂದು ಪಟ್ಟಿ. ಒಬ್ಬನ ಇಡೀ ಸಂಸಾರಕ್ಕೆ ಒಂದು ಕಬ್ಬಿಣದ ಕಪಾಟು. ರಾತ್ರಿ ಪಾಳಿ ಮುಗಿಸಿದವನೊಬ್ಬ ಪರದೆಯ ಹಿಂದೆ ಗೊರಕೆ ಹೊಡೆಯುತ್ತಿದ್ದ. ನಾವೆಲ್ಲ ಪಿಸುಮಾತಿನಲ್ಲೇ ಸುತ್ತಾಡಿದೆವು.

ರಫೀಕನದು ನಡುವಿನದು. ಬೇಡವೆಂದರೂ ಹತ್ತಿ ಮಲಗಿದೆ. ಮೇಲಿನ ಹಾಸಿಗೆ ಮೂಗಿನ ಹತ್ತಿರ ಬಂತು. ಮಗ್ಗಲು ಬದಲಿಸಲು ಹೋದರೆ ಭುಜ ಸಿಕ್ಕಿಬಿತ್ತು. ಇಬ್ಬರು ಎಳೆದು ಹೊರತೆಗೆದರು.

"ಲೇ ರಫೀಕ, ಇದರಾಗ ವರ್ಷ ಮಲಗಿದಿ?"

"ರೂಢಿ ಆಗೇತಿ ಮಾಮಾ. ಮನಿಗೆ ಹೋದ್ರ ಅಗಲ ಹಾಸಿಗ್ಯಾಗ ನಿದ್ದಿ ಬರೂದಿಲ್ಲ."

ಆಗ ನನಗೆ ಖರೆ ಭಯವಾಯಿತು. ಹುಡುಗ ಕೆಟ್ಟವನಲ್ಲ, ಆ ರ‍್ಯಾಕಿನ ಅಳತೆಗೆ ಸರಿಯಾಗಿ ಕುಳಿತುಬಿಟ್ಟಿದ್ದಾನೆ. ಹೀಗೇ ಬಿಟ್ಟರೆ ನನ್ನ ಮಗಳಿಗೆ ಇವನ ಬಾಳಿನಲ್ಲಿ ಜಾಗವೆಲ್ಲಿ?

ಗೇಟಿಗೆ ಮರಳಿದಾಗ, ಗಾದಿಯನ್ನು ವಾಪಸ್ ಒಯ್ಯಿರಿ ಎಂದ ರಫೀಕ.

"ವಾಪಸ್?" ಅಂದೆ. "ಈ ಗಾದಿ ಹೊತ್ಕೊಂಡು ನಮ್ಮ ಓಣಿ ಹೊಕ್ಕರ, ನಾ ಮನಿ ಮುಟ್ಟೂದ್ರೊಳಗ ಅಳಿಯ ಹೆಣ್ಣು ಬಿಟ್ಟ ಅಂತ ಖಬರ ಮುಟ್ಟಿರ್ತೈತಿ. ನಾ ಒಯ್ಯೂದಿಲ್ಲ."

ಅವನು ತಲೆ ತುರಿಸಿಕೊಂಡ. ಗಾದಿ ಇಡಲು ಒಂದು ಖೋಲಿ ಹುಡುಕೋಣ ಅಂದ. ಗಾದಿಯ ಒಂದು ತುದಿ ಅವನ ತಲೆಯ ಮೇಲೆ, ಇನ್ನೊಂದು ನನ್ನ ತಲೆಯ ಮೇಲೆ. ಓಣಿ ಓಣಿ ತಿರುಗಿದೆವು. ಮೀನು ಮಾರುವವರು ದಾರಿ ಬಿಟ್ಟು ನಕ್ಕರು. ಕೊನೆಗೆ ಒಬ್ಬ ಮುದುಕಿಯ ಹಿತ್ತಲಿನಲ್ಲಿ ಎರಡು ಖೋಲಿ ಸಿಕ್ಕವು. ಗಂಡಸರಿಗಷ್ಟೇ ಆದರೆ ಕೊಡುವುದಿಲ್ಲವೆಂದಳು. ಆಮೇಲೆ ಗಾದಿಯ ಅಗಲವನ್ನು ನೋಡಿದಳು.

"ಇದು ಇಬ್ಬರದ್ದಲ್ಲ? ಹೆಂಡ್ತಿ ಎಲ್ಲಿ?"

ರಫೀಕ ನನ್ನ ಮುಖ ನೋಡಿದ. ನಾನು ಬಾವಿಯ ರಾಟೆ ನೋಡುತ್ತ ನಿಂತೆ. ಅವನೇ ಫೋನು ತೆಗೆದು, ಮುದುಕಿಯ ಎದುರಿಗೇ, "ರೇಷ್ಮಾ, ಮನಿ ಸಿಕ್ಕೈತಿ. ಇರಾಕ ಬಾ" ಅಂದ.

ಬರಿಗೈಯಲ್ಲಿ ಬಸ್ ಹತ್ತಿದೆ. ಬೆಟಗೇರಿ ಮುಟ್ಟಿದಾಗ ಟ್ರಂಕು ಪಡಸಾಲೆಗೆ ಬಂದಿತ್ತು. ಊಟ ಆತೇನಪ್ಪಾ ಎಂದು ದಿನವೂ ಕೇಳುವ ಮಗಳು ಅವತ್ತು ಕೇಳಿದ್ದು ಒಂದೇ: "ಹುಬ್ಬಳ್ಳಿಂದ ಕಾರವಾರಕ್ಕ ಮೊದಲನೇ ಬಸ್ ಎಷ್ಟಕ್ಕೈತಿ?"