ಸುಳ್ಳು ಹೇಳದ ಕಿವಿ

ಹೈದರಾಬಾದಿನ ಕುಷಾಯಿಗೂಡದಲ್ಲಿ ನಮ್ಮ ಪಕ್ಕದ ಮನೆಯ ಜೋಳದ ವ್ಯಾಪಾರಿಯ ಕಿವಿಯನ್ನು ದೇವರು ಎಂಜಿನ್ನುಗಳಿಗೆಂದೇ ಮಾಡಿದ್ದ. ಇದು ಅವರೇ ಹೇಳಿದ್ದು. ಓಣಿಯಲ್ಲಿ ಹೋಗುವ ಸ್ಕೂಟರುಗಳನ್ನು ತಡೆದು, ಕಣ್ಣು ಮುಚ್ಚಿ ಆಲಿಸಿ, ರೋಗ ಹೇಳಿ, "ನನ್ನ ಕಿವಿ ಸುಳ್ಳ ಹೇಳಂಗಿಲ್ರಿ" ಎನ್ನುತ್ತಿದ್ದರು. ಕೇಳದವರಿಗೂ ಹೇಳುತ್ತಿದ್ದರು.

ಒಂದು ಮುಂಜಾನೆ ಅವರ ಪಿಕಪ್ ಚಾಲೂ ಆದಾಗ ಅಡುಗೆಮನೆಯಿಂದ ಹೆಂಡತಿ ಕೂಗಿದರು: "ಗಾಡಿ ಟಕ್ ಟಕ್ ಅನ್ನಾಕತ್ತೈತ್ರಿ!"

"ನಿನಗೇನ್ ತಿಳೀತೈತಿ?" ಎಂದವರೇ ಗಾಡಿಯೊಳಗಿನ ಟೇಪ್ ರೆಕಾರ್ಡರಿನ ಸದ್ದು ಏರಿಸಿದರು. ರೋಗ ಅಲ್ಲಿಗೆ ವಾಸಿ.

ಮರುದಿನ ಆಕೆ ಗಾಡಿಯ ಚಾವಿಯನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟರು. "ಮಿಸ್ತ್ರಿಗೆ ತೋರಸ್ತೀನಿ ಅಂದ್ರ ಕೊಡ್ತೀನಿ."

ಗ್ಯಾರೇಜಿನಲ್ಲಿ ಮಿಸ್ತ್ರಿ ಎಂಜಿನ್ ಬಿಚ್ಚಿದ. ವಾಲ್ವ್ ಎತ್ತುವ ಲಿಫ್ಟರೊಂದರ ತಳ ಸವೆಯತೊಡಗಿತ್ತು. ಅದನ್ನು ನೂಕುವ ಕ್ಯಾಮಿಗೆ ಇನ್ನೂ ಪೆಟ್ಟಾಗಿರಲಿಲ್ಲ. "ಜಲ್ದಿ ಲಾಯೇ, ಸೇಠ್" ಎಂದು, ಬೇಗ ತಂದದ್ದಕ್ಕೆ ಹೊಗಳಿ ಹೊಸ ಲಿಫ್ಟರು ಹಾಕಿದ. ಹೊಗಳಿಕೆ ಸಲ್ಲಬೇಕಾದ್ದು ಯಾರಿಗೆಂದು ವ್ಯಾಪಾರಿಗೆ ಅನುಮಾನವೇ ಬರಲಿಲ್ಲ.

ಗಾಡಿ ಬಂದ ದಿನ ಓಣಿಯವರನ್ನೆಲ್ಲ ಕರೆದು, ಎಂಜಿನ್ ಚಾಲೂ ಮಾಡಿ, ಆ ಸದ್ದನ್ನು ತಾವು ಮೊದಲ ದಿನವೇ ಹಿಡಿದ ಕಥೆ ಶುರುಮಾಡಿದರು. "ನನ್ನ ಕಿವಿ..." ಎನ್ನುವಷ್ಟರಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ ಆಕೆ ಸೌಟಿನಿಂದ ಪಾತ್ರೆಯ ಅಂಚನ್ನು ಬಡಿದರು: ಟಕ್, ಟಕ್.

ಅವರು ಮಾತು ನಿಲ್ಲಿಸಿ, ಕಣ್ಣು ಮುಚ್ಚಿ ಆಲಿಸಿ, ಬಾನೆಟ್ ಎತ್ತಿದರು.