ಬಾಗಿಲಿಲ್ಲದ ಬೀರು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಲಕ್ಷ್ಮೀನ ಮರದ ಬೀರು ಒಳಗೆ ಕೂಡಿಹಾಕಿ, ಸಂದಿಗೆಲ್ಲಾ ಪುಟ್ಟಿ ಮೆತ್ತಿ, ಮೇಲೆ ಎರಡು ಕೋಟ್ ಪೇಂಟ್ ಹೊಡೆದ ಮಹಾನುಭಾವ ನಾನೇ. ಒಪ್ಕೊಳ್ತೀನಿ. ಇಡೀ ಕೋಣನಕುಂಟೆ ಲಕ್ಷ್ಮೀನ ಮನೆಯೊಳಗೆ ಕರೀತಿದ್ದಾಗ, ನಾನೊಬ್ಬ ಅವಳು ಆಚೆನೇ ಬರದಂಗೆ ವ್ಯವಸ್ಥೆ ಮಾಡ್ತಿದ್ದೆ.

ಇದಕ್ಕೆಲ್ಲಾ ಕಾರಣ ಮೇಲ್ಮನೆಯವನು.

ನಮಗೆ ಮದ್ವೆಯಾಗಿ ಎಂಟು ತಿಂಗಳು. ನಾವಿರೋದು ಕೆಳಗಿನ ಬಾಡಿಗೆ ಮನೆ. ಮೇಲಿನ ಮನೇಲೂ ನಮ್ಮಂಗೇ ಗಂಡ ಹೆಂಡ್ತಿ ಇಬ್ರೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಅವನು ಹಳೇ ಹೊಲಿಗೆ ಮಷೀನಿನ ಸ್ಟ್ಯಾಂಡನ್ನ ಟೇಬಲ್ ಮಾಡ್ತಾನೆ. ಯಾರೋ ಬಿಸಾಕಿದ ಕಿಟಕಿ ತಂದು ಕನ್ನಡಿಗೆ ಚೌಕಟ್ಟು ಮಾಡ್ತಾನೆ. ನನ್ನ ಹೆಂಡ್ತಿ ಮೇಲೆ ಹೋಗಿ ಬಂದು, "ಎಷ್ಟು ಚೆಂದ ಮಾಡ್ಕೊಂಡಿದಾರೆ ಗೊತ್ತೇನೋ ಮನೇನ!" ಅಂತ ಶುರು ಮಾಡಿದ್ಳು ಅಂದ್ರೆ, ನಾನು ತಟ್ಟೆ ಬಿಟ್ಟು ಎದ್ದುಬಿಡ್ತಿದ್ದೆ. ಅವನನ್ನ ಅಣ್ಣ ಅಂತಾನೇ ಕರೀತಾಳೆ. ಆದ್ರೂ ಹೊಟ್ಟೆ ಉರಿ. ನಿಜ ಹೇಳ್ಬೇಕಂದ್ರೆ ಅವನ ಡ್ರಿಲ್ ಮಷೀನ್ ಮೇಲೂ ಹೊಟ್ಟೆ ಉರಿ. ನಾನು ಈ ಜನ್ಮದಲ್ಲಿ ಗೋಡೆಗೆ ಹೊಡೆದಿರೋದು ಒಂದೇ ಮೊಳೆ. ಅದರಲ್ಲಿ ನಮ್ಮ ಮದ್ವೆ ಫೋಟೋ ಸೊಟ್ಟಗೆ ನೇತಾಡ್ತಿದೆ. ಬಂದೋರೆಲ್ಲಾ ಕತ್ತು ಓರೆ ಮಾಡಿ ನೋಡ್ತಾರೆ, ಕಾಫಿ ಮುಗಿಯೋ ಹೊತ್ತಿಗೆ ಕತ್ತು ಉಳುಕಿರುತ್ತೆ.

ನಮ್ಮ ಓನರ್ ಆಂಟಿ ಮನೆಯವರು ಹಿಂದೆ ಹಸು ಕಟ್ತಿದ್ದ ಕೊಟ್ಟಿಗೇನೇ ಈಗ ಕಾರ್ ಪಾರ್ಕಿಂಗು. ಅದರ ಮೂಲೇಲಿ ಒಂದು ಮರದ ಬೀರು ಧೂಳು ತಿನ್ಕೊಂಡು ನಿಂತಿತ್ತು. ನನ್ನ ಹೆಂಡ್ತಿ ಆಂಟೀನ ಕೇಳಿ ಅದನ್ನ ಇಸ್ಕೊಂಡ್ಳು. ಮನೆಯೊಳಗೆ ತರಿಸಿ, ಒರೆಸಿ, ಪೇಪರ್ ಹಾಸಿ, ಹಬ್ಬದ ಸಾಮಾನೆಲ್ಲಾ ಅದರೊಳಗೇ ಜೋಡಿಸಿದ್ಳು. ಲಕ್ಷ್ಮಿಯ ಬೆಳ್ಳಿ ಮುಖ, ದೇವಿಗೆ ಉಡಿಸೋ ಸೀರೆ, ಕಳಶದ ಚೊಂಬು, ಎಲ್ಲಾ.

"ಹಬ್ಬ ಮುಗೀಲಿ, ಭಾನುವಾರ ಇಬ್ರೂ ಸೇರಿ ಪೇಂಟ್ ಮಾಡೋಣ," ಅಂದ್ಳು.

ಭಾನುವಾರದವರೆಗೆ ಯಾರು ಕಾಯ್ತಾರೆ? ಶುಕ್ರವಾರ ಸಂಜೆ ಅರಿಶಿನ ಕುಂಕುಮಕ್ಕೆ ಮೇಲಿನೋರು ಬರ್ತಾರೆ. ಅವನು ಬೀರು ನೋಡಿ ಬಾಯಿ ಬಿಡ್ಬೇಕು. ಅವನು ಬಾಯಿ ಬಿಟ್ಟಿದ್ದನ್ನ ನನ್ನ ಹೆಂಡ್ತಿ ನೋಡ್ಬೇಕು. ಅವನನ್ನ ಹೊಗಳೋ ದನೀಲಿ ಅವಳು ನನ್ನನ್ನ ಒಂದೇ ಒಂದ್ಸಲ ಹೊಗಳ್ಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಗುರುವಾರ ಅವಳು ಆಫೀಸಿಗೆ ಹೊರಟ ತಕ್ಷಣ ನಾನು ರಜಾ ಹಾಕ್ದೆ. ಪೇಂಟು ಒಳಗೆ ಹೋಗ್ಬಾರ್ದು ಅಂತ ಬೀರು ಬಾಗಿಲನ್ನ ಗಟ್ಟಿಯಾಗಿ ಮುಚ್ಚಿದೆ. ಹಿಡಿಗಳು ಅಡ್ಡ ಬರ್ತಿದ್ವು, ಬಿಚ್ಚಿದೆ. ಬಿಚ್ಚಿದ ಜಾಗದಲ್ಲಿ ತೂತು ಕಾಣ್ತು, ಪುಟ್ಟಿ ತುಂಬಿದೆ. ಹಿಂದೆ ಸರಿದು ನೋಡಿದ್ರೆ, ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಒಂದು ಉದ್ದ ಬಿರುಕು! ಪಾಪ, ಹಳೇ ಮರ, ಸೀಳು ಬಿಟ್ಟಿದೆ ಅಂದ್ಕೊಂಡು ಅದಕ್ಕೂ ಪುಟ್ಟಿ ಮೆತ್ತಿದೆ. ಅದು ಎರಡು ಬಾಗಿಲ ಮಧ್ಯದ ಸಂದು. ಆದ್ರೆ ಆ ಹೊತ್ತಿಗೆ ನನ್ನ ತಲೇಲಿ ಬಾಗಿಲು ಗೀಗಿಲು ಏನೂ ಇರ್ಲಿಲ್ಲ, ಮೇಲ್ಮನೆಯವನು ಬಾಯಿ ಬಿಟ್ಕೊಂಡು ನಿಂತಿರೋ ಮುಖ ಒಂದೇ ಇತ್ತು. ಮೇಲೆ ಎರಡು ಕೋಟ್ ನೀಲಿ ಹೊಡೆದು, ಬೀರು ಪಕ್ಕ ನಿಂತು ನಾಲ್ಕು ಸೆಲ್ಫಿನೂ ತಗೊಂಡೆ.

ಸಂಜೆ ಅವಳು ಬಾಳೆಕಂದು, ತಾವರೆ ಹೂವು ಹಿಡ್ಕೊಂಡು ಬಂದ್ಳು. ಬೀರು ನೋಡಿ ನಿಂತ್ಳು. ಒಂದು ಸುತ್ತು ಬಂದ್ಳು. ಇನ್ನೊಂದು ಸುತ್ತು ಬಂದ್ಳು.

"ಬಾಗಿಲೆಲ್ಲೋ?"

"ಯಾವ ಬಾಗಿಲು?"

"ಬೀರಿಂದು ಕಣೋ! ಲಕ್ಷ್ಮಿ ಒಳಗಿದಾಳೆ!"

ಆಮೇಲೆ ನಡೆದಿದ್ದು ಯುದ್ಧ. ದೋಸೆ ಮಗುಚೋ ಕೈ ತಂದು ಸಂದು ಹುಡುಕಿದೆ, ಅದು ಡೊಂಕಾಯ್ತು. ಎಟಿಎಂ ಕಾರ್ಡು ತೂರಿಸಿದೆ, ಅದು ಎರಡಾಯ್ತು. ಬೀರು ಮಾತ್ರ ನುಣ್ಣಗೆ, ಮಿರಮಿರ ಮಿಂಚ್ಕೊಂಡು ನಿಂತಿತ್ತು.

"ಮೇಲಿನ ಅಣ್ಣನ್ನ ಕರೀತೀನಿ," ಅಂದ್ಳು.

"ಬೇಡ ಕಣೇ, ಅವನೊಬ್ಬ ಬೇಡ. ನಾನೇ ಸುತ್ತಿಗೆ ತಂದು ಒಡೀತೀನಿ."

"ಹಬ್ಬದ ಹೊತ್ನಲ್ಲಿ ಲಕ್ಷ್ಮಿ ಇರೋ ಬೀರು ಒಡೀತೀಯಾ? ಸುಮ್ನಿರು!" ಅಂದೋಳೇ ಮೆಟ್ಟಿಲ ಹತ್ರ ಹೋಗಿ, "ಅಣ್ಣಾ, ಒಂದ್ನಿಮಿಷ ಬರ್ತೀರಾ?" ಅಂತ ಕೂಗಿದ್ಳು.

ಬಂದ. ಕೈಯೆಲ್ಲಾ ಹಿಟ್ಟು. ಹೋಳಿಗೆಗೆ ಕಣಕ ಕಲಸ್ತಿದ್ನಂತೆ. ಅದೂ ಬರುತ್ತೆ ಅವನಿಗೆ, ನೋಡಿ. ಕೈ ತೊಳ್ಕೊಂಡು ಬೀರನ್ನ ಅಲ್ಲಲ್ಲಿ ತಟ್ಟಿ ನೋಡಿದ.

"ಇದ್ರ ಬಾಗಿಲು ಯಾವ ಕಡೆ ಗುರು?"

"ಎದುರುಗಡೆ," ಅಂದೆ. "ಬೆಳಿಗ್ಗೆವರೆಗೂ ಇತ್ತು."

ಅವನು ನಗ್ಲಿಲ್ಲ. ನಕ್ಕಿದ್ರೆ ಜಗಳ ಆಡಿಯಾದ್ರೂ ಮರ್ಯಾದೆ ಉಳಿಸ್ಕೋತಿದ್ದೆ. ಸುಮ್ನೆ ಬೀರಿನ ಹಿಂದಕ್ಕೆ ಹೋದ, ಅಲ್ಲಿದ್ದ ಪ್ಲೈವುಡ್ಡಿನ ಮೊಳೆಗಳನ್ನ ಒಂದೊಂದಾಗಿ ಕಿತ್ತ. ಐದು ನಿಮಿಷಕ್ಕೆ ಲಕ್ಷ್ಮಿ, ಸೀರೆ, ಚೊಂಬು ಎಲ್ಲಾ ಹಿಂದ್ಗಡೆಯಿಂದ ಆಚೆ ಬಂದ್ವು.

"ಫಿನಿಶಿಂಗ್ ಮಾತ್ರ ಸಖತ್ತಾಗಿದೆ ಗುರು, ಸಂದೇ ಕಾಣಲ್ಲ," ಅಂದ. ಅವನು ಮನಸಾರೆ ಹೇಳಿದ್ದು ಅನ್ನೋದೇ ಇನ್ನೂ ಉರಿ.

"ನೀವಿಲ್ದಿದ್ರೆ ಏನ್ ಗತಿ ಅಣ್ಣಾ!" ಅಂದ್ಳು ನನ್ನ ಹೆಂಡ್ತಿ. ಅದೇ ದನಿ. ನಾನು ಒಂದಿಡೀ ದಿನ ಮೈಕೈಯೆಲ್ಲಾ ನೀಲಿ ಮಾಡ್ಕೊಂಡು ಕಾದಿದ್ದ ದನಿ.

ಅವನು ಮೇಲೆ ಹೋದ. ಅವಳು ಕೂತು ಬೆಳ್ಳಿ ಮುಖ ತಿಕ್ತಿದ್ಳು. ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ.

"ಹೇಳ್ಬಿಡು. ನಿನಗೆ ಅವನಂಥ ಗಂಡ ಬೇಕಿತ್ತು ಅಲ್ವಾ?"

ಅವಳು ತಿಕ್ಕೋದು ನಿಲ್ಲಿಸಿ ನನ್ನೇ ನೋಡಿದ್ಳು.

"ಅವರ ಕೆಲಸ ಕಟ್ಕೊಂಡು ನನಗೇನಾಗ್ಬೇಕೋ? ನನಗೆ ಹೊಟ್ಟೆ ಉರಿಯೋದು ಮೇಲಿನ ಅಕ್ಕನ್ನ ನೋಡಿ. ರಜಾ ಬಂದ್ರೆ ಇಬ್ರೂ ಟೆರೇಸಲ್ಲಿ ಕೂತು, ಆ ಬಣ್ಣ ಬೇಡ, ಈ ಬಣ್ಣ ಬೇಡ ಅಂತ ಕಿತ್ತಾಡ್ಕೊಂಡು ಮರ ಉಜ್ತಾ ಇರ್ತಾರೆ. ನಾನು ಆಂಟಿ ಹತ್ರ ಬೀರು ಇಸ್ಕೊಂಡಿದ್ದೇ ಅದಕ್ಕೆ. ನನಗೆ ಹಳದಿ ಬೇಕಿತ್ತು ಕಣೋ. ನಿನ್ ಜೊತೆ ಜಗಳ ಆಡೋಕಾದ್ರೂ ಬಿಡ್ಬಾರ್ದಾ?"