ಮಾವನ ಎರಡು ಯುದ್ಧಗಳು

ನನ್ನ ಸೋದರಮಾವ ಸೈನ್ಯದಿಂದ ನಿವೃತ್ತನಾಗಿ ಬಂದದ್ದು ಶಹಾಪುರದ ನಮ್ಮ ಕಡೆಯ ಹೊಲಗಳಿಗೆ ಕಾಲುವೆ ನೀರು ಹರಿಯತೊಡಗಿದ ವರ್ಷಗಳಲ್ಲಿ. ಜೋಳ, ತೊಗರಿ ಬೆಳೆಯುತ್ತಿದ್ದ ಕರಿನೆಲದಲ್ಲಿ ಭತ್ತ ನಿಂತಿತ್ತು. ಬಸ್ ನಿಲ್ದಾಣದ ಎದುರು ಹೊಸ ಹೋಟೆಲುಗಳೆದ್ದಿದ್ದವು. ಅಂಥದೊಂದರಲ್ಲಿ ಬೆಳಗಾದರೆ ಕೂತು ಮಾವ ಯುದ್ಧದ ಕಥೆ ಹೇಳುತ್ತಿದ್ದ. ಗುಂಡು ತಗಲಿದ ಗೆಳೆಯನನ್ನು ಹೆಗಲ ಮೇಲೆ ಹೊತ್ತು ಗುಡ್ಡ ಏರಿದ್ದು, ಅವನು ದೇಶಕ್ಕೆ ಜಯಕಾರ ಹಾಕಿ ಕಣ್ಣು ಮುಚ್ಚಿದ್ದು. ಕೇಳುವವರು ಚಹಾ ತರಿಸುತ್ತಿದ್ದರು. ವರ್ಷದಿಂದ ವರ್ಷಕ್ಕೆ ಗುಡ್ಡ ಎತ್ತರವಾಗುತ್ತಿತ್ತು, ಸಾಯುವವನ ಮಾತು ಉದ್ದವಾಗುತ್ತಿತ್ತು. ನಾನು ಅಲ್ಲಿಯೇ ಒಂದು ಶಾಲೆಯಲ್ಲಿ ಶಿಕ್ಷಕಿ. ಪ್ರತಿ ಸ್ವಾತಂತ್ರ್ಯ ದಿನಕ್ಕೆ ನಮ್ಮ ಹೆಡ್‌ಮಾಸ್ತರರು ಮಾವನನ್ನೇ ಕರೆಸುತ್ತಿದ್ದರು. ಆ ಕಥೆ ಶುರುವಾದರೆ ನನಗೆ ಹಳಸಿದ ಅನ್ನದ ಮುಂದೆ ಕೂತಂತಾಗುತ್ತಿತ್ತು.

ಕಾಲುವೆಗೆ ನೀರು ನಿಲ್ಲಿಸಿದ್ದ ಒಂದು ಬೇಸಿಗೆ ನಾನೂ ಮಾವನೂ ಹೊಲಕ್ಕೆ ಹೊರಟಿದ್ದೆವು. ಕಾಲುವೆಯ ಗೇಟಿನ ಬಳಿ ನಿಂತ ಪಾಚಿ ನೀರಿನಲ್ಲಿ ಸತ್ತ ಎಮ್ಮೆಯೊಂದು ಸಿಕ್ಕಿಕೊಂಡು ಉಬ್ಬಿತ್ತು. ಹೊಟ್ಟೆ ಬಿರಿದು ಹುಳ ಮಿಜಿಗುಡುತ್ತಿದ್ದವು. ನಾನು ಸೆರಗು ಮೂಗಿಗೆ ಒತ್ತಿಕೊಂಡು ದಾಟಲು ನೋಡಿದೆ. ಮಾವ ನಿಂತುಬಿಟ್ಟ. ಮೂಗು ಮುಚ್ಚಲಿಲ್ಲ.

"ಅವನೂ ಹಿಂಗ ಉಬ್ಬಿದ್ದ," ಅಂದ.

ಯಾರು ಎಂದು ಕೇಳಿದೆ. ಹೋಟೆಲಿನ ಕಥೆಯ ಗೆಳೆಯನೇ. ಮಾವ ಅವನನ್ನು ಎಲ್ಲಿಗೂ ಹೊತ್ತಿರಲಿಲ್ಲ. ನಸುಕಿನಲ್ಲಿ ನೀರಿನ ಡಬ್ಬಿ ಹಿಡಿದು ಹೊರಕಡೆಗೆ ಹೋದವನು ಅಲ್ಲೇ ಗುಂಡು ತಗಲಿ ಬಿದ್ದಿದ್ದ. ಹೆಣ ತರಲು ಹೋದವರ ಮೇಲೂ ಗುಂಡು ಬೀಳುತ್ತಿದ್ದುದರಿಂದ ಹಾಗೇ ಬಿಟ್ಟರು. ಬಿಸಿಲಿಗೆ ನಾತ ಕಂದಕದೊಳಗೆಲ್ಲ ತುಂಬಿತು. ಮೊದಲು ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಇಳಿಯಿತು. ಸತ್ತವನನ್ನೇ ಬೈಯುತ್ತ ತಿಂದರು.

"ಒಂದಿನ ಗಾಳಿ ತಿರುಗಿತು ನೋಡವ್ವಾ. ನಾತ ಎದುರಿನವರ ಕಡಿ ಹೋಗಾಕತ್ತಿತು. ನಾವು ನಕ್ವಿ. ಹೊಟ್ಟಿ ಹಿಡ್ಕೊಂಡು ನಕ್ವಿ."

"ಅವ ನಮ್ಮವ ಅಲ್ಲೇನು ಮಾವಾ?"

"ನಮ್ಮವನ. ನನ್ನ ಬಾಜೂಕ ಮಲಗ್ತಿದ್ದ."

ನಾನು ಕಾಲುವೆ ದಂಡೆಯ ಮೇಲೆ ಕೂತು ವಾಂತಿ ಮಾಡಿಕೊಂಡೆ. ಎಮ್ಮೆಯ ನಾತಕ್ಕೋ ಆ ನಗುವಿಗೋ ತಿಳಿಯದು. ಆದರೆ ಮಾವ ನಿಜಕ್ಕೂ ಯುದ್ಧದಲ್ಲಿದ್ದ ಎಂದು ನಾನು ನಂಬಿದ್ದು ಆಗಲೇ. ಆ ನಗುವನ್ನು ಯಾರೂ ಬೇಕೆಂದು ಕಟ್ಟಿ ಹೇಳಲಾರರು. ಅದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಆ ವರ್ಷದ ಸ್ವಾತಂತ್ರ್ಯ ದಿನ ಶಾಲೆಯ ವೇದಿಕೆಯಲ್ಲಿ ಮಾವ ಮತ್ತೆ ಗುಡ್ಡ ಹತ್ತಿದ. ಕುರ್ಚಿಗಳ ಸಾಲಿನಲ್ಲಿ ನಾನು ಕೂತದ್ದು ಕಂಡರೂ ಅವನ ದನಿ ಅಳುಕಲಿಲ್ಲ, ಇನ್ನಷ್ಟು ಏರಿತು. ಹೆಡ್‌ಮಾಸ್ತರರು ಕಣ್ಣೊರೆಸಿಕೊಂಡರು. ಆ ಕಥೆಯನ್ನು ಗೋಡೆ ಪತ್ರಿಕೆಗೆ ಬರೆದುಕೊಡಲು ನನಗೇ ಹೇಳಿದರು. ನಾನು ಗಾಳಿ ತಿರುಗಿದ್ದನ್ನು ಬರೆದುಕೊಟ್ಟೆ. ಅವರು ಓದಿ, ಮುಖ ಕಿವುಚಿ, ಹಾಳೆಯನ್ನು ತುದಿಬೆರಳಲ್ಲಿ ಹಿಡಿದು ವಾಪಸು ಕೊಟ್ಟರು.

"ಇದನ್ನ ಹುಡುಗ್ರು ಓದ್ತಾರೇನ್ರಿ ಮೇಡಂ? ಸತ್ತವನ ಮರ್ಯಾದಿ ಏನಾತು?"

"ಸುಳ್ಳು ಬರದ್ರ ಉಳೀತದೇನ್ರಿ ಸರ್?" ಎಂದೆ. ಗುಡ್ಡದ ಕಥೆಯನ್ನು ಇನ್ನೊಬ್ಬ ಶಿಕ್ಷಕರು ದುಂಡಗೆ ಬರೆದು ಅಂಟಿಸಿದರು.

ಅದನ್ನು ನೋಡಲು ಮಾವ ಶಾಲೆಗೆ ಬಂದ. ಚಸ್ಮಾ ಮರೆತಿದ್ದ, ಓದಿ ಹೇಳೆಂದ. ಓದಿದೆ. ಗೆಳೆಯನ ಕೊನೆಯ ಮಾತು ಬಂದಾಗ ಮಾವನ ಕಣ್ಣಲ್ಲಿ ನೀರು. ನಟನೆಯಲ್ಲ, ನಿಜವಾದ ಅಳು. ಎಮ್ಮೆಯ ಹೆಣ ಕೂಡ ನನಗೆ ಅಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ನಾನು ಕ್ಲಾಸಿಗೆ ಹೋದೆ. ಇನ್ನೊಮ್ಮೆ ಓದಿ ಹೇಳೆಂದು ಅವನು ಯಾವುದೋ ಹುಡುಗಿಯನ್ನು ಕರೆಯುವುದು ಒಳಗೆ ಕೇಳಿಸುತ್ತಿತ್ತು.